ಮಾಮುವಿನ ಬ್ಲೇಡಿನಲ್ಲಿರುವ ವಜ್ರ
(ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬಳ ಲೇಖನ)

ಅಕ್ಕನ ಮದುವೆಗೆ ಮುಂಚೆ ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕಿಸಲೇಬೇಕೆಂದು ಅಮ್ಮಿ ಹಟ ಹಿಡಿದಿದ್ದರು. ಕೆಲಸ ಮಾಡಿದ್ದು ನಮ್ಮ ಮಾಮು. ಅವರದು ಟೈಲ್ಸ್, ಗ್ರಾನೈಟ್ ಕೂರಿಸುವ ಕೆಲಸ. ಅಂಗಳದಲ್ಲಿ ಕಲ್ಲಿನ ಮೇಲೆ ನೀರು ಬಿಡುತ್ತಾ ಅವರು ಕಟಿಂಗ್ ಮಿಷಿನ್ ಓಡಿಸುತ್ತಿದ್ದರೆ ಬೀದಿಯ ಕೊನೆಯವರೆಗೆ ಸದ್ದು. ಬ್ಲೇಡಿನ ಪ್ಯಾಕೆಟ್ ಮೇಲೆ ದೊಡ್ಡದಾಗಿ 'ಡೈಮಂಡ್' ಎಂದು ಬರೆದಿತ್ತು.

"ಮಾಮೂ, ಇದರಲ್ಲಿ ನಿಜವಾಗಿಯೂ ವಜ್ರ ಇದೆಯಾ, ಅಥವಾ ಬರೀ ಕಂಪನಿ ಹೆಸರಾ?" ಎಂದು ಕೇಳಿದೆ.

ಅವರು ಮಿಷಿನ್ ನಿಲ್ಲಿಸಿ ಬ್ಲೇಡಿನ ಅಂಚನ್ನು ನನ್ನ ಬೆರಳಿಗೆ ಮುಟ್ಟಿಸಿದರು. ಮರಳುಕಾಗದದಂತೆ ತರಿತರಿ. "ಇದೇ ನೋಡು ಬೇಟಾ. ಈ ಬೂದು ಬಣ್ಣದ ತುಂಡುಗಳ ಒಳಗೆ ಪುಡಿ ಪುಡಿ ಇರುತ್ತೆ. ಗಣಿಯಿಂದ ಬಂದದ್ದಲ್ಲ, ಫ್ಯಾಕ್ಟರಿಯಲ್ಲಿ ಮಾಡಿದ್ದು. ಯಾರು ಮಾಡಿದ್ರು ಹೇಗೆ ಮಾಡಿದ್ರು ನಂಗೊತ್ತಿಲ್ಲ, ನೀನೇ ಓದ್ತಿದ್ದೀಯಲ್ಲ, ತಿಳ್ಕೊಂಡು ಹೇಳು" ಎಂದರು.

ಮರುದಿನ ಸ್ಟಾಫ್ ರೂಮಿಗೆ ಹೋಗಿ ಕೆಮಿಸ್ಟ್ರಿ ಮೇಡಂ ಅವರನ್ನು ಕೇಳಿದೆ. ಕೇಳಲು ಸ್ವಲ್ಪ ಅಂಜಿಕೆಯೇ ಇತ್ತು, ಏಕೆಂದರೆ ಅದೇ ವಾರ ಅವರು ನನ್ನ ಪ್ರ್ಯಾಕ್ಟಿಕಲ್ ರೆಕಾರ್ಡಿಗೆ ಸಹಿ ಹಾಕದೆ ವಾಪಸು ಕೊಟ್ಟಿದ್ದರು. (ಆ ವಿಷಯಕ್ಕೆ ಆಮೇಲೆ ಬರುತ್ತೇನೆ.) ಮೇಡಂ ನಕ್ಕು, "ಟ್ರೇಸಿ ಹಾಲ್ ಅಂತ ಒಬ್ಬರಿದ್ದರು, ಅವರ ಬಗ್ಗೆ ಓದು. ನಿನ್ನ ರೆಕಾರ್ಡಿನ ವಿಷಯವೂ ಅಲ್ಲೇ ಸಿಗುತ್ತೆ" ಎಂದರು. ಹಾಗೆ ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಗ್ರಾಫೈಟ್ ಮತ್ತು ವಜ್ರ ಎರಡೂ ಬರೀ ಇಂಗಾಲ ಎಂಬುದು ನಮಗೆಲ್ಲ ಗೊತ್ತು. ಗ್ರಾಫೈಟಿನಲ್ಲಿ ಪರಮಾಣುಗಳು ಹಾಳೆ ಹಾಳೆಯಾಗಿ ಕೂತಿರುತ್ತವೆ, ಹಾಳೆಗಳ ನಡುವೆ ಹಿಡಿತ ಕಡಿಮೆ. ಅದಕ್ಕೇ ಪೆನ್ಸಿಲ್ ಕಾಗದದ ಮೇಲೆ ಗುರುತು ಬಿಡುತ್ತದೆ. ವಜ್ರದಲ್ಲಿ ಪ್ರತಿ ಇಂಗಾಲವೂ ನಾಲ್ಕು ಕಡೆ ಗಟ್ಟಿಯಾಗಿ ಕೈ ಹಿಡಿದಿರುತ್ತದೆ. ನಮ್ಮ ಸಾಮಾನ್ಯ ಒತ್ತಡ, ಉಷ್ಣತೆಯಲ್ಲಿ ಹೆಚ್ಚು ಸ್ಥಿರವಾದದ್ದು ವಜ್ರವಲ್ಲ, ಗ್ರಾಫೈಟ್. ಎಂಥಾಲ್ಪಿಯ ವ್ಯತ್ಯಾಸ ಮೋಲಿಗೆ ಸುಮಾರು 1.9 ಕಿಲೋಜೂಲ್ ಮಾತ್ರ. ಆಭರಣದ ಜಾಹೀರಾತುಗಳು ಏನೇ ಹೇಳಲಿ, ಉಂಗುರದ ವಜ್ರ ಇಂದಲ್ಲ ನಾಳೆ ಗ್ರಾಫೈಟ್ ಆಗಬೇಕಾದ ವಸ್ತು. ಆದರೆ ಆ ಕ್ರಿಯೆ ಎಷ್ಟು ನಿಧಾನವೆಂದರೆ ಯಾರೂ ಹೆದರಬೇಕಿಲ್ಲ.

ನಮಗೆ ಬೇಕಿರುವುದು ಇದರ ಉಲ್ಟಾ. ಗ್ರಾಫೈಟಿನ ಸಾಂದ್ರತೆ ಸುಮಾರು 2.26, ವಜ್ರದ್ದು 3.51. ಲೆ ಶಾಟಲಿಯೇ ನಿಯಮದ ಪ್ರಕಾರ ಒತ್ತಡ ಹೆಚ್ಚಿಸಿದರೆ ಕಡಿಮೆ ಜಾಗದಲ್ಲಿ ಕೂರುವ ರೂಪಕ್ಕೆ ಅನುಕೂಲ. ಕಾಗದದ ಮೇಲೆ ಇಷ್ಟೇ. ಆದರೆ ಬೇಕಾಗುವ ಒತ್ತಡ ಹತ್ತಾರು ಸಾವಿರ ವಾತಾವರಣದಷ್ಟು. ಒಂದು ಲಕ್ಷ ವಾತಾವರಣ ಎಂದರೆ ಹೆಬ್ಬೆರಳಿನ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 100 ಟನ್ ಭಾರ. ಮರಳು ತುಂಬಿದ ನಾಲ್ಕು ದೊಡ್ಡ ಲಾರಿಗಳನ್ನು ಒಂದರ ಮೇಲೊಂದು ಇಟ್ಟು ಉಗುರಿನ ಮೇಲೆ ನಿಲ್ಲಿಸಿದಂತೆ! ಜೊತೆಗೆ ಸಾವಿರಕ್ಕೂ ಹೆಚ್ಚು ಡಿಗ್ರಿ ಬಿಸಿ ಬೇಕು. ಅಂಥ ಬಿಸಿಯಲ್ಲಿ ಉಕ್ಕೇ ಮೆತ್ತಗಾಗುತ್ತದೆ. ಹಾಗಾದರೆ ಒತ್ತುವ ಪಾತ್ರೆಯನ್ನು ಯಾವುದರಿಂದ ಮಾಡುವುದು?

ಹಾಲ್ ಅವರಿಗಿಂತ ಮುಂಚೆಯೇ ಹಲವರು ಇದಕ್ಕೆ ಕೈ ಹಾಕಿದ್ದರು. 1880ರಲ್ಲಿ ಸ್ಕಾಟ್ಲೆಂಡಿನ ಹ್ಯಾನೇ ಕಬ್ಬಿಣದ ಕೊಳವೆಗಳಲ್ಲಿ ಎಣ್ಣೆ ಮತ್ತು ಲಿಥಿಯಂ ತುಂಬಿ, ಬಾಯಿ ಮುಚ್ಚಿ, ಕೆಂಪಗೆ ಕಾಯಿಸಿದರು. 80 ಪ್ರಯತ್ನಗಳಲ್ಲಿ ಉಳಿದದ್ದು ಮೂರು ಕೊಳವೆ, ಉಳಿದವೆಲ್ಲ ಸಿಡಿದೋ ಸೋರಿಯೋ ಹೋದವು. 1893ರಲ್ಲಿ ಫ್ರಾನ್ಸಿನ ಮೊಯಿಸಾನ್ ವಿದ್ಯುತ್ ಕುಲುಮೆಯಲ್ಲಿ ಕರಗಿದ ಕಬ್ಬಿಣಕ್ಕೆ ಇಂಗಾಲ ಬೆರೆಸಿ, ಅದನ್ನು ತಟ್ಟನೆ ನೀರಿಗೆ ಅದ್ದಿ ವಜ್ರ ಸಿಕ್ಕಿತೆಂದು ಸಾರಿದರು. ಇವರು ನಾವು ಓದುವ ಫ್ಲೋರಿನ್‌ನ ಮೊಯಿಸಾನ್, 1906ರ ನೊಬೆಲ್ ವಿಜೇತರು, ಸಾಮಾನ್ಯ ಮನುಷ್ಯರಲ್ಲ. ಆದರೂ ಬೇರೆಯವರು ಅದನ್ನೇ ಮಾಡಿ ನೋಡಿದಾಗ ಖಚಿತವಾಗಿ ವಜ್ರ ಸಿಗಲಿಲ್ಲ. ಗುರುಗಳನ್ನು ಖುಷಿಪಡಿಸಲು ಸಹಾಯಕನೊಬ್ಬ ನಿಜವಾದ ವಜ್ರದ ಚೂರನ್ನು ಒಳಗೆ ಹಾಕಿದ್ದನೆಂಬ ಕಥೆಯೂ ಹಬ್ಬಿತು. ಕಥೆ ನಿಜವೋ ಸುಳ್ಳೋ, ಮೊಯಿಸಾನ್ ಅವರ ವಜ್ರವನ್ನು ಇಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮುಂದೆ ಹಾರ್ವರ್ಡಿನ ಪರ್ಸಿ ಬ್ರಿಜ್‌ಮನ್ ಬಂದರು. ಅತಿ ಒತ್ತಡದ ಭೌತಶಾಸ್ತ್ರಕ್ಕಾಗಿ 1946ರಲ್ಲಿ ನೊಬೆಲ್ ಪಡೆದವರು. ಅವರು ಗ್ರಾಫೈಟನ್ನು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಒತ್ತಿದರು, ಆದರೆ ಅಷ್ಟು ಒತ್ತಡದ ಜೊತೆಗೆ ಸಾಕಷ್ಟು ಬಿಸಿಯನ್ನು ಹಿಡಿದಿಡಲು ಆಗಲಿಲ್ಲ. ಒತ್ತಡ ತೆಗೆದರೆ ಗ್ರಾಫೈಟ್ ಗ್ರಾಫೈಟಾಗಿಯೇ ಇರುತ್ತಿತ್ತು.

ಹೋವರ್ಡ್ ಟ್ರೇಸಿ ಹಾಲ್ ಹುಟ್ಟಿದ್ದು 1919ರ ಅಕ್ಟೋಬರ್ 20ರಂದು, ಅಮೆರಿಕದ ಯೂಟಾ ರಾಜ್ಯದ ಆಗ್ಡನ್‌ನಲ್ಲಿ. ಬೆಳೆದದ್ದು ಹತ್ತಿರದ ಮ್ಯಾರಿಯಟ್ ಎಂಬ ಹಳ್ಳಿಯ ಹೊಲಮನೆಯಲ್ಲಿ. ಪೇಟೆಗೆ ಹೋದಾಗ ಆಗ್ಡನ್ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದ ಹುಡುಗನಿಗೆ ಎಡಿಸನ್ ಎಂದರೆ ಪ್ರಾಣ. ನಾಲ್ಕನೇ ತರಗತಿಯಲ್ಲಿ ಟೀಚರ್ ಮುಂದೆ ಏನಾಗುತ್ತೀಯೆಂದು ಕೇಳಿದಾಗ ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ ಮಾಡುತ್ತೇನೆ ಎಂದಿದ್ದನಂತೆ. ಮೊದಲು ಊರಿನ ವೀಬರ್ ಕಾಲೇಜು, ಆಮೇಲೆ ಯೂಟಾ ವಿಶ್ವವಿದ್ಯಾಲಯ. ನಡುವೆ ಯುದ್ಧಕಾಲದಲ್ಲಿ ನೌಕಾಪಡೆಯ ಸೇವೆ. 1948ರಲ್ಲಿ ಹೆನ್ರಿ ಐರಿಂಗ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಮುಗಿಯಿತು. ರಾಸಾಯನಿಕ ಕ್ರಿಯೆಗಳ ವೇಗದ ಸಿದ್ಧಾಂತದಲ್ಲಿ ಐರಿಂಗ್ ದೊಡ್ಡ ಹೆಸರು. ಅದೇ ವರ್ಷ ನಾಲ್ಕನೇ ತರಗತಿಯ ಮಾತು ನಿಜವಾಯಿತು: ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಸಂಶೋಧನಾಲಯದಲ್ಲಿ ಕೆಲಸ.

1951ರಲ್ಲಿ ಆ ಕಂಪನಿ ವಜ್ರ ತಯಾರಿಸಲು ಒಂದು ತಂಡ ಕಟ್ಟಿತು. ಫ್ರಾನ್ಸಿಸ್ ಬಂಡಿ, ಹರ್ಬರ್ಟ್ ಸ್ಟ್ರಾಂಗ್, ರಾಬರ್ಟ್ ವೆಂಟಾರ್ಫ್ ಮತ್ತು ಹಾಲ್ ಅದರ ಮುಖ್ಯರು. ಉದ್ದೇಶ ಆಭರಣವಲ್ಲ. ಗಟ್ಟಿ ಲೋಹಗಳನ್ನು ಉಜ್ಜಿ ಹದ ಮಾಡಲು ಕಾರ್ಖಾನೆಗಳಿಗೆ ವಜ್ರದ ಪುಡಿ ಬೇಕಿತ್ತು, ಅದಕ್ಕೆ ಹೊರದೇಶದ ಗಣಿಗಳನ್ನೇ ನಂಬಬೇಕಿತ್ತು. ಕಂಪನಿ 1,25,000 ಡಾಲರ್ ಕೊಟ್ಟು 1000 ಟನ್ನಿನ ಹೊಸ ಪ್ರೆಸ್ ತರಿಸಿತು. ಹಾಲ್ ಅವರ ಪಾಲಿಗೆ ಉಳಿದದ್ದು 400 ಟನ್ನಿನ, ನೀರು ಸೋರುತ್ತಿದ್ದ ಹಳೆಯ ಪ್ರೆಸ್.

ಅವರ ಬುದ್ಧಿ ಕಾಣುವುದು ಇಲ್ಲಿ. ಅವರು 'ಬೆಲ್ಟ್' ಎಂಬ ಸಾಧನ ಕಲ್ಪಿಸಿದರು. ನಡುವೆ ತೂತಿರುವ ಒಂದು ದಪ್ಪ ಉಂಗುರ. ತೂತು ಮೇಲೂ ಕೆಳಗೂ ಆಲಿಕೆಯ ಬಾಯಿಯಂತೆ ಅಗಲ, ಮಧ್ಯದಲ್ಲಿ ಕಿರಿದು. ಮೇಲಿನಿಂದ ಒಂದು, ಕೆಳಗಿನಿಂದ ಒಂದು ಮೊಟಕು ಶಂಕುವಿನಾಕಾರದ ಒತ್ತುಗಳು ಒಳಗೆ ನುಗ್ಗುತ್ತವೆ. ಹೀಗೆ ಒತ್ತಿದಾಗ ಉಂಗುರ ಸಿಡಿದು ಹೋಗಬಾರದಲ್ಲ? ಎತ್ತಿನಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ, ಅದರ ಸುತ್ತ ಉಕ್ಕಿನ ಪಟ್ಟಿಗಳನ್ನು ಬಿಗಿದರು. ಹೆಸರು ಬಂದದ್ದು ಅದರಿಂದ. ಒತ್ತು ಮತ್ತು ಉಂಗುರದ ನಡುವಿನ ಸಂದಿಗೆ ಪೈರೋಫಿಲೈಟ್ ಎಂಬ ಕಲ್ಲು. ನಮ್ಮ ಬಳಪದ ಕಲ್ಲಿನಂತೆ ಮೆತ್ತಗೆ, ಕೆತ್ತಲು ಸುಲಭ. ಒತ್ತಿದಾಗ ಇದು ಸ್ವಲ್ಪ ಹರಿದು ಸಂದಿ ಮುಚ್ಚುತ್ತದೆ, ಆಮೇಲೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಶಾಖವನ್ನೂ ವಿದ್ಯುತ್ತನ್ನೂ ಹೊರಗೆ ಬಿಡುವುದಿಲ್ಲ. ಹೀಗಾಗಿ ಬಿಸಿಯೆಲ್ಲ ನಡುವಿನ ಸಣ್ಣ ಕೋಣೆಯಲ್ಲೇ ಉಳಿಯುತ್ತದೆ, ಹೊರಗಿನ ಒತ್ತುಗಳು ಮೆತ್ತಗಾಗುವುದಿಲ್ಲ. ಒಳಗಿನ ಗ್ರಾಫೈಟ್ ಮೂಲಕವೇ ವಿದ್ಯುತ್ ಹರಿಸಿ ಅದನ್ನು ಕಾಯಿಸುವುದು. ಬ್ರಿಜ್‌ಮನ್ ಅವರಿಗೆ ಕೈಗೆಟುಕದೆ ಉಳಿದದ್ದು, ಒತ್ತಡ ಮತ್ತು ಬಿಸಿ ಎರಡೂ ಒಟ್ಟಿಗೆ, ಇಲ್ಲಿ ಸಿಕ್ಕಿತು.

ಬೆಲ್ಟನ್ನು ಉಕ್ಕಿನ ಬದಲು ಟಂಗ್‌ಸ್ಟನ್ ಕಾರ್ಬೈಡ್‌ನಲ್ಲಿ ಮಾಡಿಸಬೇಕೆಂದು ಹಾಲ್ ಕೇಳಿದಾಗ ಮೇಲಿನವರು ಮೊದಲು ಒಪ್ಪಲಿಲ್ಲ. ಹಳೆಯ ಮೇಲಧಿಕಾರಿಯೊಬ್ಬರು ಅವರ ಪರವಾಗಿ ಮಾತಾಡಿದ ಮೇಲೆಯೇ ಅದು ಬಂದದ್ದು ಎಂದು ಹಾಲ್ ಮುಂದೆ ನೆನಪಿಸಿಕೊಂಡಿದ್ದಾರೆ.

1954ರ ಡಿಸೆಂಬರ್ 16. ಹಾಲ್ ಗ್ರಾಫೈಟ್ ಜೊತೆ ಕಬ್ಬಿಣದ ಸಲ್ಫೈಡ್ ಇಟ್ಟು, ವಿದ್ಯುತ್ ಹಾಯಲು ಟ್ಯಾಂಟಲಮ್ ಬಿಲ್ಲೆಗಳನ್ನು ಜೋಡಿಸಿದರು. ಅಂದಿನ ಅಂದಾಜಿನಲ್ಲಿ ಒಂದು ಲಕ್ಷ ವಾತಾವರಣದ ಒತ್ತಡ, 1600 ಡಿಗ್ರಿ ಬಿಸಿ. ತೆಗೆದು ಒಡೆದು ನೋಡಿದರೆ ಟ್ಯಾಂಟಲಮ್ ಬಿಲ್ಲೆಗೆ ಅಂಟಿಕೊಂಡು ಹತ್ತಾರು ಪುಟ್ಟ ಹರಳುಗಳು, ತ್ರಿಕೋನ ಮುಖಗಳಲ್ಲಿ ಬೆಳಕು ಮಿನುಗುತ್ತಿತ್ತು. ದೊಡ್ಡದೆಂದರೆ ಮಿಲಿಮೀಟರಿನ ಏಳನೇ ಒಂದು ಪಾಲಿನಷ್ಟು. ಕೈ ನಡುಗಿ, ಮೊಣಕಾಲು ಸೋತು, ಕೂರಲು ಜಾಗ ಹುಡುಕಬೇಕಾಯಿತೆಂದು ಅವರೇ ಬರೆದಿದ್ದಾರೆ. ಇದನ್ನು ಓದುವಾಗ ನನಗೂ ಒಂದು ಕ್ಷಣ ರೋಮಾಂಚನವಾಯಿತು.

ಕಬ್ಬಿಣ ಅಲ್ಲಿ ಏಕೆ ಬೇಕಿತ್ತು? ಗ್ರಾಫೈಟಿನ ಬಂಧಗಳನ್ನು ನೇರವಾಗಿ ಮುರಿದು ಜೋಡಿಸುವುದು ತೀರಾ ಕಷ್ಟ. ಕರಗಿದ ಕಬ್ಬಿಣ, ನಿಕ್ಕಲ್, ಕೋಬಾಲ್ಟ್‌ನಂಥ ಲೋಹ ಇದ್ದರೆ ಇಂಗಾಲ ಅದರಲ್ಲಿ ಕರಗುತ್ತದೆ. ಆ ಒತ್ತಡದಲ್ಲಿ ಸ್ಥಿರವಾದದ್ದು ವಜ್ರವಾದ್ದರಿಂದ ಹೊರಬರುವಾಗ ವಜ್ರವಾಗಿ ಹರಳುಗಟ್ಟುತ್ತದೆ. ಸಕ್ಕರೆ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವುದನ್ನು ನೆನಪಿಸಿಕೊಳ್ಳಿ. ಇಂಗಾಲ ಎಲ್ಲಿಂದ ಬಂತು ಎಂಬುದು ಮುಖ್ಯವೇ ಅಲ್ಲ. ಇದೇ ತಂಡದ ವೆಂಟಾರ್ಫ್ ಮುಂದೊಂದು ದಿನ ಕಡಲೆಕಾಯಿ ಬೆಣ್ಣೆಯಿಂದಲೂ ವಜ್ರ ಮಾಡಿ ತೋರಿಸಿದರು!

ಈಗ ನನ್ನ ರೆಕಾರ್ಡಿನ ವಿಷಯ. ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಶನ್. ಮೊದಲ ಸಲ 9.8 ಮಿಲಿ ಬಂತು. ಬೆಲ್ ಹೊಡೆಯಲು ಐದೇ ನಿಮಿಷ. ಎರಡನೆಯ, ಮೂರನೆಯ ಕಾಲಂನಲ್ಲೂ ನಾನು 9.8 ಎಂದೇ ಬರೆದುಬಿಟ್ಟೆ. ಹೀಗೆ ಬರೆಯುವುದು ನಾನೊಬ್ಬಳೇ ಅಲ್ಲ ಎಂದು ಈ ಪತ್ರಿಕೆ ಓದುವ ವಿಜ್ಞಾನ ವಿಭಾಗದವರಿಗೆ ಹೇಳಬೇಕಿಲ್ಲ. ಮೇಡಂ ಪುಟ ನೋಡಿ, "ಮೂರು ಸಲವೂ ಇಷ್ಟು ಕರೆಕ್ಟಾಗಿ ಬಂತಾ?" ಎಂದರು. ನಾನು ತಲೆ ತಗ್ಗಿಸಿದೆ. ಬೈಯಲಿಲ್ಲ. "ಮುಂದಿನ ವಾರ ನಿನ್ನ ದ್ರಾವಣದಲ್ಲಿ ಪಕ್ಕದ ಬೆಂಚಿನವಳು ಮಾಡಲಿ. ನೀನು ದೂರ ನಿಂತಿರು" ಎಂದರಷ್ಟೇ. ನನಗೆ ಅವಮಾನವಾದಂತೆ ಅನಿಸಿತ್ತು.

ಹಾಲ್ ಅವರಿಗೆ ಆದದ್ದೂ ಇದೇ, ಆದರೆ ಅವರು ಸುಳ್ಳು ಬರೆದಿರಲಿಲ್ಲ. ಮುಂದಿನ ದಿನಗಳಲ್ಲಿ ಅವರು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರು, ಮತ್ತೆ ಮತ್ತೆ ವಜ್ರ ಬಂತು. ಅಷ್ಟಾದರೂ ಸಾಲದು. ಹ್ಯಾನೇ, ಮೊಯಿಸಾನ್ ಅವರ ಕಥೆ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಹಾಲ್ ಹತ್ತಿರದಲ್ಲೇ ಇಲ್ಲದಂತೆ, ಅವರು ಬರೆದಿಟ್ಟ ಕ್ರಮವನ್ನಷ್ಟೇ ಹಿಡಿದು ಹ್ಯೂ ವುಡ್‌ಬರಿ ಎಂಬ ಭೌತಶಾಸ್ತ್ರಜ್ಞರು ಡಿಸೆಂಬರ್ 31ರಂದು ಪ್ರಯೋಗ ಮಾಡಿದರು. ವಜ್ರ ಬಂತು. 1955ರ ಫೆಬ್ರವರಿಯಲ್ಲಿ ಕಂಪನಿ ಜಗತ್ತಿಗೆ ಸುದ್ದಿ ಕೊಟ್ಟಿತು.

ಸ್ವೀಡನ್ನಿನ ಆಸಿಯಾ ಕಂಪನಿಯವರು 1953ರ ಫೆಬ್ರವರಿಯಲ್ಲೇ ವಜ್ರ ಮಾಡಿದ್ದರು, ಆದರೆ ಗುಟ್ಟಾಗಿ ಇಟ್ಟುಕೊಂಡರು. ದಿನಾಂಕ ನೋಡಿದರೆ ಅವರೇ ಮೊದಲು. ಆದರೂ ಹೆಚ್ಚಿನ ಪುಸ್ತಕಗಳು ಹಾಲ್ ಹೆಸರನ್ನು ಮುಂದಿಡಲು ಕಾರಣ, ಸಾಕ್ಷಿಗಳ ಎದುರು ಇನ್ನೊಬ್ಬರು ಮಾಡಿ ನೋಡಿ ಪ್ರಕಟವಾದ ಮೊದಲ ವಿಧಾನ ಅವರದು. ಇದು ಸ್ವೀಡನ್ನಿನವರಿಗೆ ಅನ್ಯಾಯ ಎಂದು ನನ್ನ ಗೆಳತಿ ವಾದಿಸುತ್ತಾಳೆ. ನನಗೆ ಹಾಗನಿಸುವುದಿಲ್ಲ, ಬಚ್ಚಿಟ್ಟ ಫಲಿತಾಂಶವನ್ನು ಪರೀಕ್ಷಿಸುವುದಾದರೂ ಹೇಗೆ?

ಇನ್ನೂ ಒಂದು ಸಂಗತಿ ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಹಾಲ್ ಅವರ ಪ್ರಯೋಗಕ್ಕೆ ಎಂಟು ದಿನ ಮುಂಚೆ, ಡಿಸೆಂಬರ್ 8ರಂದು, ಅದೇ ತಂಡದ ಸ್ಟ್ರಾಂಗ್ ಒಂದು ಪ್ರಯೋಗವನ್ನು ರಾತ್ರಿಯಿಡೀ ಬಿಟ್ಟಿದ್ದರು. ಆ ಮಾದರಿಯಲ್ಲಿ ವಜ್ರ ಸಿಕ್ಕಿತು. ಬಹುಕಾಲ ಅದನ್ನೇ ಕಂಪನಿಯ ಮೊದಲ ವಜ್ರವೆಂದು ಎಣಿಸಿದ್ದರು. ಆದರೆ ಅದನ್ನು ಮತ್ತೆ ಮಾಡಿದಾಗ ವಜ್ರ ಬರಲಿಲ್ಲ. ವರ್ಷಗಳ ನಂತರ ಆ ಹರಳನ್ನು ಇನ್‌ಫ್ರಾರೆಡ್ ಬೆಳಕಿನಲ್ಲಿ ಪರೀಕ್ಷಿಸಿದರೆ, ಅದು ಗಣಿಯಿಂದ ಬಂದ ನೈಸರ್ಗಿಕ ವಜ್ರ! ಹರಳು ಬೆಳೆಯಲು ಬೀಜವಾಗಿ ಬಳಸುತ್ತಿದ್ದ ವಜ್ರದ ಚೂರೊಂದು ಹೇಗೋ ಸೇರಿಕೊಂಡಿತ್ತು. 1993ರಲ್ಲಿ, ಸುಮಾರು ನಾಲ್ಕು ದಶಕಗಳ ನಂತರ, 'ನೇಚರ್' ಪತ್ರಿಕೆಯಲ್ಲಿ ಈ ತಪ್ಪನ್ನು ಪ್ರಕಟಿಸಿದವರು ಬೇರೆ ಯಾರೂ ಅಲ್ಲ. ಬರೆದವರ ಪಟ್ಟಿಯಲ್ಲಿ ಬಂಡಿ, ವೆಂಟಾರ್ಫ್ ಹೆಸರುಗಳಿವೆ, ಸ್ವತಃ ಸ್ಟ್ರಾಂಗ್ ಅವರ ಹೆಸರೂ ಇದೆ.

ಹರಳು ವಜ್ರವೋ ಅಲ್ಲವೋ ಎಂದು ತಿಳಿಯಲು ಇಂದು ಹೆಚ್ಚಾಗಿ ಬಳಸುವ ವಿಧಾನಕ್ಕೆ ನಮ್ಮ ಬೆಂಗಳೂರಿನ ನಂಟಿದೆ. ರಾಮನ್ ರೋಹಿತದಲ್ಲಿ 1332ರ ಬಳಿ ಒಂದು ಚೂಪಾದ ಗೆರೆ ಕಂಡರೆ ಅದು ವಜ್ರ. ಬೆಂಗಳೂರಿನಲ್ಲಿದ್ದಾಗ ಸಿ. ವಿ. ರಾಮನ್ ಅವರು ನೂರಾರು ವಜ್ರಗಳನ್ನು ಸಂಗ್ರಹಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದರು.

ಹಾಲ್ ಅವರಿಗೆ ಕಂಪನಿಯಿಂದ ಸಿಕ್ಕ ಬಹುಮಾನ 10 ಡಾಲರಿನ ಒಂದು ಉಳಿತಾಯ ಬಾಂಡ್. ಹೊಗಳಿಕೆಯಲ್ಲೂ ತನಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂಬ ನೋವು ಅವರಿಗೆ ಕೊನೆಯವರೆಗೂ ಇತ್ತು. ಕಂಪನಿ ಇದನ್ನು ಇಡೀ ತಂಡದ ಸಾಧನೆ ಎಂದಿತು. 'ನೇಚರ್' ಲೇಖನದಲ್ಲಿ ನಾಲ್ವರ ಹೆಸರೂ ಇದೆ, ಅಕ್ಷರಾನುಕ್ರಮದಲ್ಲಿ. ಒತ್ತಡ ಅಳೆಯುವುದರಲ್ಲಿ, ಲೋಹಗಳ ಪಾತ್ರ ಬಿಡಿಸುವುದರಲ್ಲಿ ಉಳಿದವರ ಕೆಲಸವೂ ದೊಡ್ಡದೇ. ಆದರೆ ಸೋರುವ ಪ್ರೆಸ್ಸಿನಲ್ಲಿ ಬೆಲ್ಟ್ ಕೂರಿಸಿದವರು ಒಬ್ಬರೇ ಎಂಬುದನ್ನೂ ಮರೆಯಲಾಗದು.

1955ರಲ್ಲಿ ಅವರು ಕೆಲಸ ಬಿಟ್ಟು ಯೂಟಾದ ಬ್ರಿಗ್ಹ್ಯಾಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಆಗ ಹೊಸ ತೊಡಕು: ಬೆಲ್ಟ್ ಮೇಲೆ ಸರ್ಕಾರದ ಗೋಪ್ಯತೆಯ ಆದೇಶ ಬಂತು. ತಾವೇ ಕಂಡುಹಿಡಿದ ಯಂತ್ರವನ್ನು ಅವರು ಬಳಸುವಂತಿಲ್ಲ! ಹಾಲ್ ಕೈಕಟ್ಟಿ ಕೂರಲಿಲ್ಲ. ನಾಲ್ಕು ದಿಕ್ಕಿನಿಂದ ಒತ್ತುವ ಬೇರೆಯೇ ಯಂತ್ರ ಮಾಡಿದರು. ನಾಲ್ಕು ಒತ್ತುಗಳು ಪೈರೋಫಿಲೈಟಿನ ಪುಟ್ಟ ಚತುರ್ಮುಖಿಯ ನಾಲ್ಕು ಮುಖಗಳ ಮೇಲೆ ಬಂದು ಕೂರುತ್ತವೆ. ವಜ್ರದಲ್ಲಿ ಇಂಗಾಲದ ಸುತ್ತ ನಾಲ್ಕು ಬಂಧಗಳಿರುವ ಅದೇ ಆಕಾರ. ಅದಕ್ಕೂ ಒಮ್ಮೆ ಗೋಪ್ಯತೆಯ ಆದೇಶ ಬಿತ್ತು, ಆಮೇಲೆ ತೆರವಾಯಿತು. ಮುಂದೆ ಆರು ಕಡೆಯಿಂದ ಒತ್ತುವ ಘನಾಕಾರದ ಪ್ರೆಸ್‌ಗಳ ಮೇಲೂ ಕೆಲಸ ಮಾಡಿದರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಕೈಗಾರಿಕಾ ವಜ್ರ ಮಾಡುವ ಚೀನಾದ ಕಾರ್ಖಾನೆಗಳಲ್ಲಿ ಓಡುವುದು ಘನಾಕಾರದ ಪ್ರೆಸ್‌ಗಳೇ. 1966ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಮೆಗಾಡೈಮಂಡ್ ಎಂಬ ಕಂಪನಿ ಕಟ್ಟಿದರು. ನಿವೃತ್ತಿಯ ಬಳಿಕ ಪತ್ನಿ ಐಡಾ ರೋಸ್ ಅವರೊಡನೆ ಆಫ್ರಿಕಾದಲ್ಲಿ ತಮ್ಮ ಚರ್ಚಿನ ಸೇವೆ ಮಾಡಿದರು, ಊರಿಗೆ ಬಂದು ಮರ ಬೆಳೆಸಿದರು. 2008ರ ಜುಲೈ 25ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಪಕ್ಕದ ಬೆಂಚಿನವಳು ನನ್ನ ದ್ರಾವಣದಲ್ಲಿ ಟೈಟ್ರೇಶನ್ ಮಾಡಿದಳು. 10.4, 10.3, 10.4. ನನ್ನ 9.8 ತಪ್ಪು. ಆಕ್ಸಾಲಿಕ್ ಆಮ್ಲವನ್ನು 60 ಡಿಗ್ರಿ ದಾಟುವಷ್ಟು ಬಿಸಿ ಮಾಡದೆ ಅವಸರದಲ್ಲಿ ಶುರು ಮಾಡಿದ್ದೆ. ಕ್ರಿಯೆ ನಿಧಾನವಾಗಿ, ಗುಲಾಬಿ ಬಣ್ಣ ಮುಂಚೆಯೇ ನಿಂತಂತೆ ಕಂಡಿತ್ತು. 9.8ರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸ ಅಂಕಿ ಬರೆದು, ಯಾರು ಮಾಡಿದ್ದೆಂದೂ ಬರೆದೆ. ಮೇಡಂ ಸಹಿ ಹಾಕಿದರು.

ಭಾನುವಾರ ಮಾಮು ಉಳಿದ ಕೆಲಸಕ್ಕೆ ಬಂದಾಗ ಎಲ್ಲವನ್ನೂ ಹೇಳಿದೆ. ಒತ್ತಡ, ಬೆಲ್ಟ್ ಎಲ್ಲ ಗಮನವಿಟ್ಟು ಕೇಳಿದರು. ಬಾಂಡಿನ ಮಾತು ಬಂದಾಗ ತಡೆದರು.

"ಹತ್ತು ಡಾಲರ್ ಅಂದ್ರೆ ಆಗ ಎಷ್ಟಾಗ್ತಿತ್ತು?"

"ನಮ್ಮ ಲೆಕ್ಕದಲ್ಲಿ ಸುಮಾರು 48 ರೂಪಾಯಿ, ಮಾಮೂ."

ಅವರು ಕೈಯಲ್ಲಿದ್ದ ಬ್ಲೇಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ಮಿಷಿನ್ನಿಗೆ ಬಿಗಿದು, "ನೀರು ಬಿಡು ಬೇಟಾ, ಸಿಂಕ್ ಹತ್ರ ಇನ್ನೊಂದು ತುಂಡು ಕತ್ತರಿಸೋದಿದೆ" ಎಂದರು.